ದನೀಲೊ ಮೊಂತಾಸನ ಹುಬ್ಬಿನ ಗಾಯ

ಮಿಲ್‌ಬರ್ಗ್, ಪೆನ್ಸಿಲ್ವೇನಿಯಾ
ಏಪ್ರಿಲ್ 18, 2004

ದೋನ್ಯಾ ಕಸಿಲ್ದಾ ಮೊಂತಾಸ್ ಅವರಿಗೆ,

ನನ್ನ ಗುರುತು ನಿಮಗಿಲ್ಲ. ಹೆಸರು ನೆರೇಯ್ದಾ ಒಕೆಂದೊ. ಹುಟ್ಟಿದ್ದು ನಿಮ್ಮ ಪಕ್ಕದ ದ್ವೀಪ ಪೋರ್ತೊ ರೀಕೊದಲ್ಲಿ. ಈಗ ಈ ಚಳಿಯೂರಲ್ಲಿ ಶಾಲೆಯ ಬಸ್ಸು ಓಡಿಸ್ತೀನಿ. ಅದು ಹೊಟ್ಟೆಪಾಡು. ನನ್ನ ಹುಚ್ಚು ಬೇರೆ. ನಿಮ್ಮ ಮಗ ಆಡೋ ಹೆರನ್ಸ್ ಬೇಸ್‌ಬಾಲ್ ತಂಡದ ಒಂದು ಆಟವನ್ನೂ ಬಿಡದೆ ನೋಡ್ತೀನಿ, ನೋಡಿದ್ದನ್ನ ಇಂಟರ್ನೆಟ್ಟಲ್ಲಿ ಬ್ಲಾಗು ಅಂತ ಬರೀತೀನಿ. ದೊಡ್ಡ ಲೀಗಿಗೆ ಹತ್ತೋ ಏಣಿಯಲ್ಲಿ ಯಾವ ಹುಡುಗ ಯಾವ ಮೆಟ್ಟಿಲಲ್ಲಿದ್ದಾನೆ, ಯಾರ ಕಾಲು ಜಾರ್ತಿದೆ, ಯಾರು ಮೇಲೆ ಹೋಗ್ತಾನೆ, ಇದೇ ನನ್ನ ಜಪ. ನನ್ನ ಗಂಡ ಇದ್ದಾಗ "ಪರರ ಮಕ್ಕಳ ಲೆಕ್ಕ ಇಡೋದರಲ್ಲಿ ಸಾರು ಸೀದುಹೋಯ್ತಲ್ಲೇ" ಅಂತ ಬೈತಿದ್ದ. ಈಗ ಬೈಯೋರಿಲ್ಲ, ಸಾರು ದಿನಾ ಸೀಯುತ್ತೆ.

ಭಾನುವಾರ ಸ್ಪ್ಯಾನಿಷ್ ಮಾತಾಡೋ ಹುಡುಗರನ್ನೆಲ್ಲ ಮನೆಗೆ ಕರೆದು ಹಸಿ ತೊಗರಿಕಾಳಿನ ಅನ್ನ ಹಾಕ್ತೀನಿ. ನಿಮ್ಮ ದನೀಲೊ ಮೂರು ಸಲ ಬಡಿಸಿಕೊಂಡು, ತಟ್ಟೆ ತಾನೇ ತೊಳೆದಿಟ್ಟು ಹೋಗ್ತಾನೆ. ಎಂಥ ತಾಯಿ ಬೆಳೆಸಿದ ಮಗನಪ್ಪಾ ಅನ್ನಿಸಿ ನಿಮ್ಮ ವಿಳಾಸ ಕೇಳಿದೆ. "ನನ್ನ ಆಟದ ಸುದ್ದಿ ಅಮ್ಮನಿಗೆ ನಾನು ಹೇಳಲ್ಲ, ಜಂಭ ಅಂದುಕೊಳ್ತಾಳೆ" ಅಂದ. ಅವನು ಹೇಳದಿದ್ದರೆ ನಾನು ಹೇಳ್ತೀನಿ. ನನ್ನ ಬ್ಲಾಗಿನಲ್ಲಿ ಅವನ ಬಗ್ಗೆ ಬರೆದದ್ದನ್ನ ಕಾಗದಕ್ಕೆ ಇಳಿಸಿ ಇದರ ಜೊತೆ ಇಟ್ಟಿದೀನಿ. ಓದಿ. ಅಳು ಬಂದರೆ ಅಳಿ, ತಪ್ಪಿಲ್ಲ.

ನಿಮ್ಮ,
ನೆರೇಯ್ದಾ


ಬೋಕಾ ಸಲಾದಾ, ಬನೀ ಹತ್ತಿರ
ಮೇ 9, 2004

ದೋನ್ಯಾ ನೆರೇಯ್ದಾ,

ನಿಮ್ಮ ಹೊಟ್ಟೆ ತಣ್ಣಗಿರಲಿ. ಕಾಗದವನ್ನ ಮೊದಲು ನಾನು ಓದಿದೆ, ಆಮೇಲೆ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಹಣ್ಣು ಮಾರೋಳು ಓದಿದಳು, ಆಮೇಲೆ ಇಡೀ ಬೀದಿ. ನಾನು ಅಲ್ಲಿ ಹಿಟ್ಟು ತಟ್ಟಿ ಕರಿದು ಯಾನಿಕೆಕೆ ಮಾರೋಳು. ಅವತ್ತು ಎಣ್ಣೆ ಸುಟ್ಟು ಹೋದರೂ ಗಮನ ಇರಲಿಲ್ಲ. ಸಾರು ಸೀಯಿಸೋದು ನಿಮ್ಮೊಬ್ಬರ ಹಕ್ಕೇನಲ್ಲ ತಾಯೀ.

ಅವನು ತಟ್ಟೆ ತೊಳೀತಾನಾ? ಇಲ್ಲಿ ಲೋಟ ಎತ್ತಿಟ್ಟವನಲ್ಲ! ಇರಲಿ, ಪರದೇಶ ಕಲಿಸುತ್ತೆ. ಅವನಿಗೆ ಬಾಳೆಕಾಯಿ ಬೇಯಿಸಿ ಕುಟ್ಟಿ ಕೊಡಿ. ನಿಮ್ಮೋರು ಕರಿದು ಕುಟ್ಟುತ್ತಾರಂತೆ, ಅದನ್ನ ಮನುಷ್ಯರು ಹೇಗೆ ತಿಂತಾರೋ ದೇವರಿಗೇ ಗೊತ್ತು.

ನನಗೆ ಇಬ್ಬರು ಗಂಡುಮಕ್ಕಳು. ಒಬ್ಬ ಮಣ್ಣಿಗೆ ಹೋದ. ಜ್ವರ. ಅದರ ಮಾತು ಬೇಡ. ಇರೋನನ್ನ ನೋಡಿಕೊಳ್ತಿದ್ದೀರಿ, ಅಷ್ಟು ಸಾಕು. ಇಲ್ಲಿಯ ಅಂಚೆ ನಂಬೋ ಹಾಗಿಲ್ಲ, ಅದಕ್ಕೇ ನ್ಯೂಯಾರ್ಕಿಗೆ ಹೊರಟವರ ಕೈಲಿ ಕೊಟ್ಟಿದೀನಿ. ತಡವಾದರೆ ಬೇಜಾರು ಮಾಡ್ಕೋಬೇಡಿ.

ಕಸಿಲ್ದಾ


ಮಿಲ್‌ಬರ್ಗ್
ಮೇ 30, 2004

ಪ್ರೀತಿಯ ದೋನ್ಯಾ ಕಸಿಲ್ದಾ,

ಬೇಯಿಸಿ ಕುಟ್ಟಿ ಕೊಟ್ಟೆ. "ಅಮ್ಮನ ಥರ ಇಲ್ಲ" ಅಂತ ಹೇಳಿ ಪೂರ್ತಿ ತಿಂದ. ಕಳ್ಳ!

ಕೇಳಿ, ನಿಮ್ಮ ಮಗ ಬೆಂಕಿ ಕಾರ್ತಿದ್ದಾನೆ. ಮೊನ್ನೆ ಅವನು ಹೊಡೆದ ಚೆಂಡು ಬೇಲಿ ದಾಟಿ, ಕಾರು ನಿಲ್ಲಿಸೋ ಜಾಗ ದಾಟಿ, ಆಚೆ ಹೆಣ ಸುಡೋ ಮನೆಯ ಅಂಗಳಕ್ಕೆ ಬಿತ್ತು. ನನ್ನ ಬ್ಲಾಗಿನಲ್ಲಿ ತಿಂಗಳಿಗೊಮ್ಮೆ ಹುಡುಗರ ಪಟ್ಟಿ ಹಾಕ್ತೀನಿ, ಹೆಸರಿನ ಪಕ್ಕ ವಯಸ್ಸು. ಈ ಸಲ ಅವನೇ ಮೊದಲು. ಯಾಕೆ ಗೊತ್ತಾ? ವಯಸ್ಸು! ಇಪ್ಪತ್ತೈದು ದಾಟಿದವನು ಈ ಮೆಟ್ಟಿಲಲ್ಲಿ ಹೀಗೆ ಹೊಡೆದರೆ ಯಾರೂ ತಿರುಗಿ ನೋಡಲ್ಲ, ಅವನು ಬೆಳೆಯೋಷ್ಟು ಬೆಳೆದಾಯ್ತು ಅಂತಾರೆ. ಇಪ್ಪತ್ತೆರಡಕ್ಕೆ ಹೊಡೆದರೆ ವಜ್ರ. ಮೇಲಿನ ಕ್ಲಬ್ಬಿನವರು ಸೆಪ್ಟೆಂಬರಿಗೆ ದೊಡ್ಡ ಲೀಗಿಗೇ ಕರೀತಾರೆ ಅಂತ ಗಾಳಿಮಾತಿದೆ. ದೋನ್ಯಾ, ಟೀವಿಯಲ್ಲಿ ನಿಮ್ಮ ಮಗ!

ಊಟಕ್ಕೆ ಕೂತಾಗ ನಿಮ್ಮ ಇನ್ನೊಬ್ಬನ ಮಾತು ಬಂತು. "ಅಮೌರಿ ಅಂತ. ಅಣ್ಣ. ಹೋದ" ಅಂದ, ಆಮೇಲೆ ಅನ್ನ ಮುಟ್ಟಲಿಲ್ಲ. ರನ್ ಮುಗಿಸಿ ಬಂದಾಗೆಲ್ಲ ಅವನು ಆಕಾಶಕ್ಕೆ ಕೈ ತೋರಿಸೋದು ಅಣ್ಣನಿಗೇ ಅಂತ ಆಗ ಗೊತ್ತಾಯ್ತು. ಪಾಪ.

ಒಂದು ಪ್ರಶ್ನೆ. ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆಯಲ್ಲ? ಇಲ್ಲಿಯ ಮಕ್ಕಳು ಅವನನ್ನ "ಮುರಿದ ಹುಬ್ಬು" ಅಂತ ಕೂಗ್ತಾರೆ, ಕೆಲವರು ತಮ್ಮ ಹುಬ್ಬಿಗೆ ಬಣ್ಣ ಬಳಿದುಕೊಂಡು ಬರ್ತಾರೆ. ಹೇಗಾಯ್ತು ಅಂತ ಅವನನ್ನ ಕೇಳಿದರೆ ನಗ್ತಾನೆ. ನೀವು ಹೇಳಿ.

ನೆರೇಯ್ದಾ


ಬೋಕಾ ಸಲಾದಾ
ಜೂನ್ 16, 2004

ನೆರೇಯ್ದಾ, ಇನ್ನು ಮೇಲೆ ನಿಮ್ಮನ್ನ ತಂಗಿ ಅಂತೀನಿ, ಒಪ್ಪಿಗೆಯಾ?

ನಿಮ್ಮ ಕಾಗದ ಓದಿ ನಗ್ತಾ ನಗ್ತಾ ಅತ್ತುಬಿಟ್ಟೆ. ಮಕ್ಕಳು ಹುಬ್ಬಿಗೆ ಬಣ್ಣ ಬಳಿದುಕೊಳ್ತಾರಾ? ನನ್ನ ಮಗನ ಹುಬ್ಬಿಗೆ ಇಷ್ಟು ಬೆಲೆ ಬರುತ್ತೆ ಅಂತ ಅವತ್ತು ಗೊತ್ತಿದ್ದರೆ ಅಷ್ಟು ಅಳ್ತಿರಲಿಲ್ಲ.

ಆ ಗಾಯ ಅವನ ಜೊತೆಗೇ ಹುಟ್ಟಿದ್ದು. ನನಗೆ ನೋವು ಶುರುವಾದದ್ದೂ ಚಂಡಮಾರುತ ಬಂದದ್ದೂ ಒಟ್ಟಿಗೆ. ಮಧ್ಯಾಹ್ನವೇ ಕತ್ತಲೆ. ಸೂಲಗಿತ್ತಿ ನನ್ನ ಮೇಜಿನ ಕೆಳಗೆ ತಳ್ಳಿ "ಇಲ್ಲೇ ಹೆರು" ಅಂದಳು. ಮನೆಯ ತಗಡು ಹಾರಿತು. ನಮ್ಮ ಚರ್ಚಿನ ಗಂಟೆ ಗೋಪುರದ ಸಮೇತ ಅಂಗಳಕ್ಕೆ ಬಿತ್ತು, ಬೀಳೋವಾಗ ಒಂದೇ ಸಲ ಢಣ್ ಅಂತು. ಅದೇ ಗಳಿಗೆಯಲ್ಲಿ ಅವನು ಈಚೆ ಬಂದ. ಇನ್ನೂ ಹೊಕ್ಕುಳ ಬಳ್ಳಿ ಕೊಯ್ದಿರಲಿಲ್ಲ, ಎಲ್ಲಿಂದಲೋ ತಗಡಿನ ಚೂರು ಬಂದು ಹುಬ್ಬಿಗೆ ಬಡೀತು. ಮುಖ ಎಲ್ಲ ರಕ್ತ, ನನ್ನದು ಯಾವುದು ಅವನದು ಯಾವುದು ಗೊತ್ತಾಗಲಿಲ್ಲ. ಸೂಲಗಿತ್ತಿ ಕಾಫಿಪುಡಿ ಒತ್ತಿ ನಿಲ್ಲಿಸಿದಳು. "ಗಾಳಿ ಮುಟ್ಟಿದ ಹುಡುಗ, ಇವನು ದೂರ ಹೋಗ್ತಾನೆ" ಅಂದಳು. ಹೋದ ನೋಡಿ.

ಹೆಸರಿನ ಪಕ್ಕ ವಯಸ್ಸು ಯಾಕೆ ಬರೀತೀರಿ ತಂಗೀ? ಹೊಡೆಯೋದು ಕೈ ಅಲ್ವಾ? ಕಣ್ಣು ಬಿದ್ದೀತು, ಅದನ್ನ ಬಿಡಿ.

ಕಸಿಲ್ದಾ


ಬೋಕಾ ಸಲಾದಾ
ಜೂನ್ 20, 2004

ತಂಗೀ,

ಮೊನ್ನೆಯ ಕಾಗದ ಕೈ ಬಿಟ್ಟ ಮೇಲೆ ಯಾಕಾದರೂ ಬರೆದೆನೋ ಅನ್ನಿಸ್ತಿದೆ. ಹುಬ್ಬಿನ ಗಾಯದ ಕತೆಯನ್ನ ಬ್ಲಾಗಿನಲ್ಲಿ ಹಾಕಬೇಡಿ. ಯಾರ ಹತ್ತಿರವೂ ಹೇಳಬೇಡಿ. ಯಾಕೆ ಅಂತ ಕೇಳಬೇಡಿ, ತಾಯಿ ಕೇಳಿಕೊಂಡಳು ಅಂತ ನಡೆಸಿಕೊಡಿ. ನಿಮ್ಮ ಫೋನ್ ನಂಬರು ನನ್ನ ಹತ್ತಿರ ಇಲ್ಲ. ಮಗನಿಗೆ ಫೋನಿನಲ್ಲಿ ಹೇಳೋಣ ಅಂದರೆ ಗಾಬರಿಗೆ ಅವನ ಆಟ ಕೆಟ್ಟೀತು. ನನ್ನ ನಾದಿನಿ ನಾಳೆ ವಿಮಾನ ಹತ್ತುತ್ತಾಳೆ, ಇಳಿದ ಕೂಡಲೇ ಅಂಚೆಗೆ ಹಾಕು ಅಂತ ಆಣೆ ಹಾಕಿ ಕೊಟ್ಟಿದೀನಿ.

ಕಸಿಲ್ದಾ


ಮಿಲ್‌ಬರ್ಗ್
ಜುಲೈ 2, 2004

ಅಕ್ಕಾ!

ಒಪ್ಪಿಗೆ, ನೂರು ಸಲ ಒಪ್ಪಿಗೆ. ನಿಮ್ಮ ಕಾಗದ ಬಂದಾಗಿನಿಂದ ನೆಲದ ಮೇಲೆ ಕಾಲಿಲ್ಲ. ಮೇಜಿನ ಕೆಳಗೆ ಹೆರಿಗೆ, ಬಿದ್ದ ಗಂಟೆ, ಕಾಫಿಪುಡಿ! ನಾನು ಇಷ್ಟು ವರ್ಷ ಬರೆದದ್ದೆಲ್ಲ ಒಂದು ತೂಕ, ನೀವು ಬರೆದ ಆ ಹತ್ತು ಸಾಲು ಒಂದು ತೂಕ. ಒಂದಕ್ಷರ ಬದಲಿಸದೆ ನಿನ್ನೆ ಹಾಕಿದೆ. ದೊಡ್ಡ ಲೀಗಿನ ತಂಡವನ್ನ ಹಿಂಬಾಲಿಸೋ ದೊಡ್ಡ ಬ್ಲಾಗಿನೋರೂ ಅದನ್ನ ಎತ್ತಿ ಹಾಕಿದ್ದಾರೆ. ಜನ ಮೇಲಿಂದ ಮೇಲೆ ಬರೀತಿದ್ದಾರೆ. ವಯಸ್ಸು ಬರೀಬೇಡಿ ಅಂತೀರಲ್ಲ ಅಕ್ಕಾ, ಅದೇ ಅವನ ಕಿರೀಟ, ಹೇಗೆ ಬಿಡಲಿ? ನಿಮ್ಮ ದೃಷ್ಟಿ ಗಿಷ್ಟಿ ನನ್ನ ಮೇಲಿರಲಿ.

ಒಂದೇ ಬೇಜಾರು. ಓದಿ ತೋರಿಸೋಣ ಅಂತ ಭಾನುವಾರಕ್ಕೆ ಕಾಯ್ತಿದೀನಿ, ಅವನಿಗೆ ಇನ್ನೂ ಗೊತ್ತಿಲ್ಲ. ಮುಖ ನೋಡೋ ಹಾಗಿರುತ್ತೆ!

ನಿಮ್ಮ ತಂಗಿ,
ನೆರೇಯ್ದಾ


ಮಿಲ್‌ಬರ್ಗ್
ಜುಲೈ 19, 2004

ಅಕ್ಕಾ,

ಜೂನ್ ಇಪ್ಪತ್ತನೇ ತಾರೀಕಿನ ನಿಮ್ಮ ಕಾಗದ ಇವತ್ತು ಬಂತು. ನಿಮ್ಮ ನಾದಿನಿ ಪರ್ಸಿನಲ್ಲೇ ಇಟ್ಟು ಮರೆತಳಂತೆ. ಲಕೋಟೆಯ ಹಿಂದೆ "ಕ್ಷಮಿಸಿ" ಅಂತ ಬರೆದಿದ್ದಾಳೆ.

ನಡೆದದ್ದನ್ನ ಮುಚ್ಚಿಡದೆ ಬರೀತೀನಿ. ಬ್ಲಾಗಿಗೆ ಬನೀ ಕಡೆಯ ಒಬ್ಬ ಕ್ಷೌರಿಕ ಬರೆದ. ಈಗ ಪ್ರಾವಿಡೆನ್ಸಿನಲ್ಲಿ ಅಂಗಡಿ ಇಟ್ಟಿದ್ದಾನಂತೆ. ಕೆಟ್ಟ ಮನಸ್ಸಿನಿಂದಲ್ಲ, ಊರಿನ ಸುದ್ದಿ ಓದಿದ ಖುಷಿಗೆ ಬರೆದ: "ಬೋಕಾ ಸಲಾದಾದ ಗಂಟೆ! ಅದು ಬಿದ್ದಾಗ ನಾನು ಪಾದ್ರಿಯ ಹಿಂದೆ ಮೇಣದಬತ್ತಿ ಹಿಡಿಯೋ ಹುಡುಗ. ದವೀದ್ ಚಂಡಮಾರುತ, ಎಪ್ಪತ್ತೊಂಬತ್ತರ ಆಗಸ್ಟು." ಅದರ ಕೆಳಗೆ ಇನ್ಯಾರೋ ಕೇಳಿದರು, "ಹಾಗಾದರೆ ಹುಡುಗನಿಗೆ ಇಪ್ಪತ್ನಾಲ್ಕು ತುಂಬಿ ಇಪ್ಪತ್ತೈದು ನಡೀತಿರಬೇಕಲ್ಲ? ಎಂಬತ್ತೆರಡರಲ್ಲಿ ಹುಟ್ಟಿದ ಅಂತ ಪಟ್ಟಿಯಲ್ಲಿದೆ?"

ಆಗ ನಾನು ಸುಮ್ಮನಿರಬೇಕಿತ್ತು. ಸುಮ್ಮನಿರೋ ಜಾತಿ ನಂದಲ್ಲ. "ಬೇರೆ ಚಂಡಮಾರುತ ಇರಬೇಕು, ನಮ್ಮ ದ್ವೀಪಗಳಲ್ಲಿ ಚಂಡಮಾರುತಕ್ಕೆ ಬರವೇ?" ಅಂದೆ. ಅವರು ಬಿಡಲಿಲ್ಲ. "ಅವನ ತಾಯಿಯೇ ಕೈಯಾರೆ ಬರೆದದ್ದು, ಕಾಗದ ನನ್ನ ಹತ್ತಿರ ಇದೆ, ಬಾಯಿ ಮುಚ್ಚಿ" ಅಂತ ರೇಗಿದೆ. ನಿಮ್ಮ ಮಗನ ಪರ ನಿಂತೆ ಅಂದುಕೊಂಡೆ ಅಕ್ಕಾ. ಅವರ ಕೈಗೆ ಸಾಕ್ಷಿ ಕೊಟ್ಟೆ. ಈಗ ಬ್ಲಾಗಿನಿಂದ ತೆಗೆದು ಹಾಕಿದೀನಿ, ಏನು ಪ್ರಯೋಜನ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕ್ಲಬ್ಬಿನವರು ನನಗೆ ಫೋನು ಮಾಡಿ ಆ ಕಾಗದ ಕೇಳಿದರು. ಕಳೆದುಹೋಗಿದೆ ಅಂದೆ. ನಂಬಿದರೋ ಇಲ್ಲವೋ.

ಮೂರು ಭಾನುವಾರದಿಂದ ಅವನು ಊಟಕ್ಕೆ ಬಂದಿಲ್ಲ, ಓದಿ ತೋರಿಸೋದೂ ಆಗಲಿಲ್ಲ. ಆಟಕ್ಕೂ ಇಳಿಸಿಲ್ಲ, ಬೆಂಚಿನಲ್ಲಿ ಕೂರಿಸಿದ್ದಾರೆ. ಏನಿದು ಅಕ್ಕಾ? ಒಂದು ಸಾಲು ಬರೀರಿ.

ನೆರೇಯ್ದಾ


ಮಿಲ್‌ಬರ್ಗ್
ಆಗಸ್ಟ್ 8, 2004

ಅಕ್ಕಾ,

ನಿಮ್ಮಿಂದ ಸುದ್ದಿಯಿಲ್ಲ. ಆದರೂ ಬರೀತೀನಿ.

ಕ್ಲಬ್ಬಿನವರು ಕರಾರು ಮುರಿದರು, ವೀಸಾ ಹೋಯ್ತು. ಗುರುವಾರ ಬೆಳಗ್ಗೆ ಆಟದ ಮೈದಾನದ ಹಿಂದಿನ ಗೇಟಿನ ಹತ್ತಿರ ಸೂಟ್‌ಕೇಸಿನ ಮೇಲೆ ಕೂತಿದ್ದ, ವಿಮಾನ ನಿಲ್ದಾಣದ ಬಸ್ಸಿಗೆ ಕಾಯ್ತಾ. ನನ್ನ ಬಸ್ಸನ್ನ ಅಲ್ಲೇ ನಿಲ್ಲಿಸಿ ಇಳಿದೆ.

"ದನೀಲೊ, ನನ್ನ ಹೊಡಿ, ಬೈ, ಏನಾದರೂ ಮಾಡು" ಅಂದೆ.

"ದೋನ್ಯಾ, ನೀವು ಏನ್ ಮಾಡಿದ್ರಿ? ನಾನು ಹೊಡೆದದ್ದನ್ನ ಬರೆದ್ರಿ" ಅಂದ.

"ನಿಜ ಏನು ಹೇಳಪ್ಪ."

"ಅಮ್ಮ ಹೇಳಿದಳಲ್ಲ. ಗಾಯ ನಂದೇ." ಅಷ್ಟು ಹೇಳಿ ಹುಬ್ಬು ಮುಟ್ಟಿಕೊಂಡ. ಆಮೇಲೆ "ಕರಿದು ಕುಟ್ಟಿದ್ದೂ ಚೆನ್ನಾಗೇ ಇರುತ್ತೆ, ಅಮ್ಮನಿಗೆ ಹೇಳಬೇಡಿ" ಅಂತ ನಕ್ಕ. ಅವನು ನಕ್ಕದ್ದೇ ನನಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿದ್ದ ಬೇಸಿಗೆ ಶಿಬಿರದ ಮಕ್ಕಳು ಕಿಟಕಿಯಿಂದ "ಮುರಿದ ಹುಬ್ಬು! ಮುರಿದ ಹುಬ್ಬು!" ಅಂತ ಕೈ ಬೀಸ್ತಿದ್ದವು. ಅವನೂ ಬೀಸಿದ.

ನೆರೇಯ್ದಾ


ಬೋಕಾ ಸಲಾದಾ
ಆಗಸ್ಟ್ 29, 2004

ಶ್ರೀಮತಿ ಒಕೆಂದೊ ಅವರಿಗೆ,

ಏನಿದು ಅಂತ ಕೇಳಿದ್ರಿ. ಈಗ ಮುಚ್ಚಿಡೋಕೆ ಏನೂ ಉಳಿದಿಲ್ಲ, ಕೇಳಿ.

ನೀವು ಊಟ ಹಾಕಿದವನು ಅಮೌರಿ. ನನ್ನ ದೊಡ್ಡವನು. ಗಾಳಿಯಲ್ಲಿ ಹುಟ್ಟಿದವನು. ಮಣ್ಣಿಗೆ ಹೋದವನು ದನೀಲೊ, ಚಿಕ್ಕವನು. ತೊಂಬತ್ತೆಂಟರಲ್ಲಿ ಜ್ವರ ಬಂದು ಹೋದ. ಹದಿನಾರು ವರ್ಷ. ಅವನಿಗೆ ಚೆಂಡು ಕಂಡರೆ ಭಯ, ಪಾರಿವಾಳ ಸಾಕ್ತಿದ್ದ.

ನಮ್ಮಲ್ಲಿ ಸತ್ತವರಿಗೆ ಒಂಬತ್ತು ದಿನ ಪ್ರಾರ್ಥನೆ. ಒಂಬತ್ತನೇ ದಿನ ಜನ ಕಾಫಿ ಕುಡಿದು ಎದ್ದ ಮೇಲೆ, ಹುಡುಗರನ್ನ ಹುಡುಕಿ ಕ್ಲಬ್ಬುಗಳಿಗೆ ಕೊಡೋ ಚಾಗೊ ಅಂತ ಒಬ್ಬ ಇದ್ದ, ಅವನು ಕೂತೇ ಇದ್ದ. "ನಿನ್ನ ದೊಡ್ಡವನ ಕೈ ಬಂಗಾರ. ಆದರೆ ಹತ್ತೊಂಬತ್ತು ವರ್ಷದವನನ್ನ ಯಾವ ಕ್ಲಬ್ಬೂ ಮೂಸಲ್ಲ. ಚಿಕ್ಕವನ ಸಾವನ್ನ ಸರ್ಕಾರದಲ್ಲಿ ಬರೆಸಿದ್ದೀಯಾ?" ಅಂದ. ಬರೆಸಿರಲಿಲ್ಲ. ಹೆಣದ ಮುಂದೆ ಕೂತವಳಿಗೆ ಕಚೇರಿ ನೆನಪಾಗುತ್ತಾ? "ಬರೆಸಬೇಡ. ಅವನ ಹುಟ್ಟಿನ ದಾಖಲೆ ದೊಡ್ಡವನಿಗೆ ಆಗುತ್ತೆ" ಅಂದ. ನಾನು ಬೇಡ ಅನ್ನಲಿಲ್ಲ. ಅಮೌರಿ ಮೂರು ದಿನ ಆದ ಮೇಲೆ ಹೂಂ ಅಂದ.

ಅಮೌರಿ ದೋಣಿ ಹತ್ತಿ ನಿಮ್ಮ ಪೋರ್ತೊ ರೀಕೊಗೆ ಹೋಗೋವಾಗ ಸಮುದ್ರದ ಪಾಲಾದ ಅಂತ ಹೊರಗಿನವರಿಗೆ ಹೇಳಿದೆವು. ನಿಮಗೆ ಬರೆಯೋವಾಗ ಮಾತ್ರ ಜ್ವರ ಅಂದುಬಿಟ್ಟೆ. ಕ್ಲಬ್ಬಿನೋರು ಬಂದು ಬೀದಿ ಬೀದಿ ವಿಚಾರಿಸಿದರು. ಇಡೀ ಊರು ದನೀಲೊನನ್ನ ಹೊತ್ತು ಹೂತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ನನ್ನ ಜೊತೆ ಜಗಳ ಆಡಿದವರೂ ಬಿಡಲಿಲ್ಲ. ಬಿಟ್ಟವಳು ನಾನು. ನೀವು ಗಾಯದ ಬಗ್ಗೆ ಕೇಳಿದಾಗ ಸುಳ್ಳು ಹೇಳಬಹುದಿತ್ತು, ಮರದಿಂದ ಬಿದ್ದ ಅಂತ. ಹೆಸರನ್ನ ಒಬ್ಬನಿಂದ ತೆಗೆದು ಇನ್ನೊಬ್ಬನಿಗೆ ಕೊಟ್ಟೆ. ಅವನನ್ನ ಹೆತ್ತ ನೋವನ್ನೂ ಬೇರೆ ಯಾರದ್ದೋ ಅನ್ನೋಕೆ ನನ್ನ ಕೈಲಿ ಆಗಲಿಲ್ಲ.

ಅವನನ್ನ ಕರೆದುಕೊಂಡು ಬರೋಕೆ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಜನರ ನಡುವೆ ಕಂಡ. "ಅಮೌರಿ!" ಅಂತ ಕೂಗಿದೆ. ಎಷ್ಟು ವರ್ಷ ಆಗಿತ್ತು ಆ ಹೆಸರನ್ನ ಜೋರಾಗಿ ಕೂಗಿ! ಅವನು ನೋಡಲಿಲ್ಲ, ಹಾಗೇ ಹೋಗ್ತಿದ್ದ. ಮತ್ತೆ ಕೂಗಿದೆ. ಇಲ್ಲ. ಕೊನೆಗೆ "ದನೀಲೊ" ಅಂದೆ. ಗಕ್ಕನೆ ತಿರುಗಿದ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ನನ್ನ ಮೇಲೆ ಇರೋದು ಅದಕ್ಕಿಂತ ಹೆಚ್ಚು. ಸದ್ಯಕ್ಕೆ ಬರೀಬೇಡಿ.

ಕಸಿಲ್ದಾ ಮೊಂತಾಸ್


ಮಿಲ್‌ಬರ್ಗ್
ಅಕ್ಟೋಬರ್ 3, 2004

ದೋನ್ಯಾ ಕಸಿಲ್ದಾ ಅವರಿಗೆ,

ಬರೀಬೇಡಿ ಅಂದಿದ್ರಿ. ಇದೊಂದನ್ನ ಕೇಳಿ ಸುಮ್ಮನಾಗ್ತೀನಿ. ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ. ಹೆರನ್ಸ್ ಆಟಕ್ಕೆ ಹೋಗೋದು ನಿಲ್ಲಿಸಿದೀನಿ, ಹುಡುಗರಿಗೆ ಊಟ ಮಾತ್ರ ಹಾಕ್ತೀನಿ. ಯಾರ ವಯಸ್ಸನ್ನೂ ಕೇಳಲ್ಲ.

ನನ್ನ ಬ್ಲಾಗಿನಲ್ಲಿ ಅವನದೊಂದು ಪುಟ ಇದೆ. ಮೊದಲ ವರ್ಷದಿಂದ ಆಡಿದ ಆಟ, ಹೊಡೆದ ರನ್, ಎಲ್ಲ. ಮೇಲೆ ದನೀಲೊ ಮೊಂತಾಸ್ ಅಂತ ಹೆಸರು. ಅಳಿಸಲಾ? ಅಮೌರಿ ಅಂತ ತಿದ್ದಲಾ? ನಾನಾಗಿ ಏನನ್ನೂ ಮುಟ್ಟಲ್ಲ. ನೀವು ಹೇಳಿದ ಹಾಗೆ.

ನೆರೇಯ್ದಾ


ಬೋಕಾ ಸಲಾದಾ
ನವೆಂಬರ್ 2, 2004

ನೆರೇಯ್ದಾ,

ಅಮೌರಿಯನ್ನ ಕೇಳಿದೆ. ಈಗ ಅವನು ಬಾಡಿಗೆ ಮೋಟರ್‌ಬೈಕಿನಲ್ಲಿ ಜನರನ್ನ ಕೂರಿಸಿಕೊಂಡು ಬನೀಗೆ ಬಿಡ್ತಾನೆ. ಸಂಜೆ ಬೀದಿ ಹುಡುಗರು ಬ್ಯಾಟು ಹಿಡ್ಕೊಂಡು ಬಂದರೆ ಒಳಗೆ ಹೋಗಿ ಮಲಗ್ತಾನೆ. ನಿಮ್ಮ ಪ್ರಶ್ನೆಗೆ "ಪುಟ ಹಾಗೇ ಇರ್ಲಿ ಅಮ್ಮ. ಚೆಂಡು ಕಂಡರೆ ಓಡ್ತಿದ್ದ ಪುಕ್ಕಲ ನನ್ನ ತಮ್ಮ, ಅವನ ಹೆಸರಲ್ಲಿ ಅಷ್ಟು ರನ್ ಇದ್ರೆ ಯಾರಿಗೇನು ನಷ್ಟ?" ಅಂದ. ಹಾಗಾಗಿ ಅಳಿಸಬೇಡಿ.

ಇವತ್ತು ಸತ್ತವರ ದಿನ. ನಿಮ್ಮ ಕಡೆಯೂ ಇರಬೇಕಲ್ಲ. ಸ್ಮಶಾನದಲ್ಲಿ ಎಲ್ಲರೂ ತಮ್ಮ ತಮ್ಮವರ ಶಿಲುಬೆಗೆ ಬಣ್ಣ ಹೊಡೆದು ಹೂ ಇಡ್ತಾರೆ. ದನೀಲೊನ ಶಿಲುಬೆಗೆ ನಾನು ಇಷ್ಟು ವರ್ಷ ಬರೀ ಸುಣ್ಣ ಬಳಿದೆ. ಹೆಸರು ಬರೆಯೋ ಹಾಗಿರಲಿಲ್ಲ, ವಿಚಾರಿಸೋಕೆ ಬಂದವರು ಸ್ಮಶಾನಕ್ಕೂ ಹೋಗ್ತಾರೆ ಅಂತ ಚಾಗೊ ಹೇಳಿದ್ದ. ವರ್ಷದ ಪ್ರಾರ್ಥನೆಯಲ್ಲೂ ಪಾದ್ರಿ "ಈ ಮನೆಯ ಮಗ" ಅಂತ ಮಾತ್ರ ಅನ್ನೋರು. ಹೆತ್ತು ಹೆಸರಿಟ್ಟ ನಾನೇ ಅವನ ಹೆಸರು ಹಿಡಿದು ಅತ್ತಿಲ್ಲ.

ಈ ಸಲ ಅಮೌರಿ ಕಪ್ಪು ಬಣ್ಣದ ಡಬ್ಬಿ ತಂದ. "ನಾನು ಬರೀತೀನಿ" ಅಂತ ಮಂಡಿ ಊರಿ ಕೂತ. ನಾನು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಬರೀತಾನೆ ಅಂದುಕೊಂಡಿದ್ದೆ. ಒಂದೇ ಉಸಿರಿಗೆ ಎಳೆದುಬಿಟ್ಟ. ಮೊದಲ ಅಕ್ಷರ ಹಿಂದಕ್ಕೆ ವಾಲಿದೆ, ಕೊನೆಯದರ ಬಾಲ ಉದ್ದಕ್ಕೆ ಹೋಗಿ ಇಡೀ ಹೆಸರಿನ ಕೆಳಗೆ ಗೆರೆಯಾಗಿದೆ.

"ಇದೇನೋ, ಗೋರಿ ಮೇಲೆ ಹೀಗೆ ಬರೀತಾರಾ?" ಅಂದೆ.

"ಅಮ್ಮಾ, ಬೇಲಿ ಹತ್ತಿರ ಮಕ್ಕಳು ಚೆಂಡು ಹಿಡಿದು ನಿಂತಿರ್ತಿದ್ವು. ಅವಕ್ಕೆ ಹೀಗೇ ಸಹಿ ಹಾಕಿಕೊಡ್ತಿದ್ದೆ. ಇವನ ಹೆಸರನ್ನ ಬೇರೆ ಥರ ಬರೆಯೋಕೆ ನನಗೆ ಬರಲ್ಲ" ಅಂದ. ನಾನು ದನೀಲೊ, ದನೀಲೊ ಅಂತ ಕೂಗಿ ಅತ್ತೆ. ಪಕ್ಕದ ಗೋರಿಗಳ ಹತ್ತಿರ ಇದ್ದವರೂ ಬಂದು ಹಾಗೇ ಕೂಗಿ ಅತ್ತರು.

ನೋಡಿದರೆ, ಹೆಸರಿನ ಮಗ್ಗುಲಿಗೆ ಅವನ ಕೈ ತನ್ನ ಪಾಡಿಗೆ ಆಟದ ಅಂಗಿಯ ನಂಬರನ್ನೂ ಬರೆದುಬಿಟ್ಟಿತ್ತು, ಹದಿನೇಳು ಅಂತ. ಹೆಬ್ಬೆರಳಿನಿಂದ ಒರೆಸೋಕೆ ಹೋದ. ಮಣ್ಣಿಗೆ ಹೋದವನಿಗೆ ಹದಿನೇಳು ತುಂಬಲೇ ಇಲ್ಲ.

ಇರ್ಲಿ ಬಿಡೋ, ಒರೆಸಬೇಡ ಅಂದೆ.

ಕಸಿಲ್ದಾ